ಮೀನು ಕಡ್ಡಾಯವಲ್ಲ

ಬೇಲೆಕೇರಿಯ ಮಾದೇವ ನಾಯಕರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿದ ಮೇಲೆ ನಂಬುವುದು ಕಷ್ಟ. ಅವರು ಮಾಡಿದ್ದು ಇಷ್ಟೇ: ಬಂದ ಕಾಮೆಂಟುಗಳಿಗೆ ತಪ್ಪದೆ ಉತ್ತರ ಬರೆದರು. ಅಷ್ಟಕ್ಕೇ ಒಂದು ಊರು ತನ್ನ ನರ್ಸಬಾಯಿಯನ್ನು ಕಳೆದುಕೊಂಡಿತು.

ಮೂವತ್ತಮೂರು ವರ್ಷ ನಾಯಕರು ಕಾರವಾರದ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿದ್ದರು. ಬೆಳಿಗ್ಗೆ ಹೆದ್ದಾರಿಯ ಕ್ರಾಸಿನಲ್ಲಿ ಬಸ್ಸು ಹಿಡಿದು ಹೋಗುವುದು, ಬಂದ ಪತ್ರಕ್ಕೆ ಆವಕ ನಂಬರು ಹಾಕುವುದು, ಹೋಗುವ ಉತ್ತರಕ್ಕೆ ಜಾವಕ ನಂಬರು ಹಾಕುವುದು, ಸಂಜೆ ಬಸ್ಸು ಹಿಡಿದು ಬರುವುದು. ಆ ವಿಭಾಗದ ನಿಯಮ ಒಂದೇ. ಬಂದ ಕಾಗದಕ್ಕೆ ಉತ್ತರ ಹೋಗದೆ ಕಡತ ಮುಚ್ಚುವಂತಿಲ್ಲ. ಆದರೆ ಉತ್ತರ ಬರೆಯುವವರು ಬೇರೆಯವರು. ನಾಯಕರ ಕೈಯಲ್ಲಿ ಇದ್ದದ್ದು ನಂಬರಿನ ಮೊಹರು ಮಾತ್ರ. ಲಕ್ಷಗಟ್ಟಲೆ ಉತ್ತರಗಳು ಅವರ ಕೈ ದಾಟಿ ಹೋದವು, ಅವುಗಳಲ್ಲಿ ಒಂದು ಸಾಲೂ ಅವರದಾಗಿರಲಿಲ್ಲ. ಒಮ್ಮೆ ಮಾತ್ರ ಧೈರ್ಯ ಮಾಡಿ ಒಂದು ಕರಡು ಬರೆದು ಮೇಲ್ವಿಚಾರಕರಾಗಿದ್ದ ಶಿರವಾಡದ ಶ್ರೀಕಾಂತರ ಮೇಜಿಗೆ ಇಟ್ಟಿದ್ದರು. ಶ್ರೀಕಾಂತರು ಕೆಂಪು ಶಾಯಿಯಲ್ಲಿ ಅಡ್ಡಡ್ಡ 'ಸ್ಪಷ್ಟಪಡಿಸಿ' ಎಂದು ಬರೆದು ವಾಪಸು ಕಳಿಸಿದ್ದರು. ಶ್ರೀಕಾಂತರು ಎಲ್ಲದರ ಮೇಲೂ ಹಾಗೆಯೇ ಬರೆಯುತ್ತಿದ್ದರು. ರಜೆ ಚೀಟಿಯ ಮೇಲೂ ಬರೆದದ್ದಿದೆ.

ಹೀಗಾಗಿ ನಿವೃತ್ತಿಯಾದ ಮೂರನೆಯ ತಿಂಗಳಿಗೆ ನಾಯಕರು ಹೊಸದಾಗಿ ಕೊಂಡ ಮಡಚುವ ಕಂಪ್ಯೂಟರು ಹಿಡಿದು ಅಂಕೋಲೆಯ ಸೈಬರ್ ಅಂಗಡಿಯಲ್ಲಿ ಕುಳಿತು ಒಂದು ಬ್ಲಾಗು ಮಾಡಿಸಿಕೊಂಡಾಗ ಅದರ ಹಿಂದೆ ಮೂವತ್ತಮೂರು ವರ್ಷದ ಹಸಿವಿತ್ತು. ಬ್ಲಾಗಿನ ಹೆಸರು 'ಕಡಲತಡಿಯ ನಾಡಿಮಿಡಿತ'. ವಿಷಯ, ಆರೋಗ್ಯ. ಆರೋಗ್ಯದ ಬಗ್ಗೆ ಅವರಿಗೆ ಗೊತ್ತಿದ್ದದ್ದು ತಮ್ಮ ಬಿಪಿ ಮಾತ್ರ. ಆದರೂ ಮೊದಲ ಲೇಖನದಲ್ಲೇ, ಎದೆನೋವು ಬಂದರೆ ಗೋವಾ, ತಲೆಗೆ ಪೆಟ್ಟಾದರೆ ಮಂಗಳೂರು, ಕಿಡ್ನಿಗೆ ಹುಬ್ಬಳ್ಳಿ ಎಂದು ಓಡಾಡುವ ಜಿಲ್ಲೆಯವರು ಆಸ್ಪತ್ರೆ ಕೇಳುವ ಬದಲು ಇನ್ನೆರಡು ಒಳ್ಳೆಯ ಬಸ್ಸು ಕೇಳುವುದು ಲೇಸು ಎಂದು ಬರೆದುಬಿಟ್ಟರು. ಅವರ ಮಟ್ಟಿಗೆ ಅದು ವ್ಯಂಗ್ಯ. ಓದಿದವರ ಮಟ್ಟಿಗೆ ಅಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಹೋರಾಡುತ್ತಿದ್ದವರು ಸಿಟ್ಟಾಗಿ ಒಂದೇ ದಿನ ಹದಿನೇಳು ಕಾಮೆಂಟು ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಬ್ಲಾಗು ಮುಚ್ಚುತ್ತಿದ್ದರು. ನಾಯಕರು ಪೇಟೆಗೆ ಹೋಗಿ ಉದ್ದನೆಯ ಹೊಸ ವಹಿ ತಂದರು. ಗೆರೆ ಎಳೆದರು. ಎಡಕ್ಕೆ ಆವಕ ಸಂಖ್ಯೆ, ಕಾಮೆಂಟಿನ ದಿನಾಂಕ, ಹಾಕಿದವರ ಹೆಸರು. ಬಲಕ್ಕೆ ಜಾವಕ ಸಂಖ್ಯೆ, ಉತ್ತರ ಹೋದ ದಿನಾಂಕ. ಹದಿನೇಳಕ್ಕೂ ಉತ್ತರ ಹೋಯಿತು. ಪ್ರತಿಯೊಂದರಲ್ಲೂ 'ಉಲ್ಲೇಖಿತ ಕಾಮೆಂಟಿಗೆ ಸಂಬಂಧಿಸಿದಂತೆ ತಮಗೆ ತಿಳಿಸುವುದೇನೆಂದರೆ' ಎಂದು ಆರಂಭ, ಕೊನೆಯಲ್ಲಿ 'ತಮ್ಮ ವಿಶ್ವಾಸಿ, ಮಾ. ಬೀ. ನಾಯಕ'. ಉತ್ತರಗಳಿಂದ ಇನ್ನೂ ಸಿಟ್ಟಾಗಿ ಮೂವತ್ತು ಕಾಮೆಂಟು ಬಂದವು. ನಾಯಕರಿಗೆ ತಾವು ಓದುಗರನ್ನು ಸಂಪಾದಿಸಿದೆವೆಂಬ ಸಂತೋಷ. ಹೆಂಡತಿ ಸುಗಂಧಾ ಮಾತ್ರ ಒಂದು ದಿನ ಊಟ ಬಡಿಸುತ್ತ, ಬೈದವರಿಗೆಲ್ಲ ಕಾಗದ ಬರೆಯುವ ಗಂಡಸನ್ನು ತಾನು ಇದೇ ಮೊದಲು ನೋಡುವುದು ಎಂದಳು.

ಆ ದಿನ ಊಟಕ್ಕೆ ನೊಗಲಿ ಮೀನಿನ ಪಳದಿ, ಕಾಯಿ ಅರೆದ ಗಟ್ಟಿ ಸಾರು, ಇತ್ತು. ನಾಯಕರು ಮಾತಿಗಿಂತ ಪಳದಿಯ ಕಡೆ ಹೆಚ್ಚು ಗಮನ ಕೊಟ್ಟರು. ನೊಗಲಿ ಸಿಗುವುದೇ ಅಪರೂಪ, ಸುಗಂಧಾ ಮೀನುಪೇಟೆಯಲ್ಲಿ ಚೌಕಾಸಿ ಮಾಡುವುದರಲ್ಲಿ ಪಳಗಿದವಳು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡರು. ಇತ್ತೀಚೆಗೆ ಮನೆಯಲ್ಲಿ ಮೀನಿಗೆ ಕೊರತೆಯೇ ಇರಲಿಲ್ಲ.

ಹೀಗಿರುವಾಗ ಅವರಿಗೆ ಒಂದು ಒಳ್ಳೆಯ ಬುದ್ಧಿ ಬಂತು. ಬರೀ ಟೀಕೆ ಬರೆದರೆ ಆಗದು, ಆರೋಗ್ಯ ಇಲಾಖೆಯಲ್ಲಿ ಒಳ್ಳೆಯವರನ್ನು ಕಂಡರೆ ಹೊಗಳಲೂ ಬೇಕು. ಹೊಗಳಲು ಊರಿನಲ್ಲೇ ಒಬ್ಬಳಿದ್ದಳು, ಉಪಕೇಂದ್ರದ ನರ್ಸಬಾಯಿ ರೂಪಾಲಿ.

ರೂಪಾಲಿ ಕಾರವಾರದ ಹತ್ತಿರದ ಕದ್ವಾಡದವಳು. ಅವಳು ಬರುವ ಮೊದಲು ಬೇಲೆಕೇರಿಯ ಆರೋಗ್ಯ ಉಪಕೇಂದ್ರಕ್ಕೆ ಮೂರು ವರ್ಷ ಬೀಗ ಬಿದ್ದಿತ್ತು. ಜಗಲಿಯಲ್ಲಿ ಆಡು ಕಟ್ಟುತ್ತಿದ್ದರು. ಅವಳು ಬಂದು ಆಡು ಓಡಿಸಿ, ಜಗಲಿ ತೊಳೆದು, ಹಿಂದಿನ ಎರಡು ಕೋಣೆಯಲ್ಲಿ ವಾಸಕ್ಕೇ ನಿಂತಳು. ಎರಡು ವರ್ಷದಲ್ಲಿ ಊರಿನ ಎಲ್ಲ ಮಕ್ಕಳ ತೂಕ, ಎಲ್ಲ ಮುದುಕರ ಸಕ್ಕರೆ ಅವಳಿಗೆ ಬಾಯಿಪಾಠ. ದೋಣಿ ಮಾಲೀಕ ಮಂಗೇಶನ ಹೆಂಡತಿಗೆ ಹೆರಿಗೆಯಲ್ಲಿ ಕಷ್ಟವಾಗುತ್ತದೆಂದು ಮೊದಲೇ ಗುರುತಿಸಿ, ಆಂಬುಲೆನ್ಸು ತರಿಸಿ, ತಾನೇ ಜೊತೆಗೆ ಕುಳಿತು ಅಂಕೋಲೆಗೆ ಒಯ್ದು, ತಾಯಿ ಮಗು ಎರಡನ್ನೂ ಉಳಿಸಿಕೊಂಡು ಬಂದಿದ್ದಳು. ನಾಯಕರ ಬಿಪಿ ಗುಳಿಗೆಯೂ ತಿಂಗಳಿಗೊಮ್ಮೆ ಅವಳ ಕೈಯಿಂದಲೇ ಬರುವುದು. ದಾರಿಯಲ್ಲಿ ಕಂಡಾಗಲೆಲ್ಲ, "ಮಾದೇವಣ್ಣ, ಗುಳಿಗೆ ತಗೊಳ್ತಿದ್ದೀರಾ?" ಎಂದು ಕೇಳುವಳು. ನಾಯಕರು ನಿಂತು, ಯಾವ ದಿನ ತೆಗೆದುಕೊಂಡೆ, ಯಾವ ದಿನ ಮರೆತೆ, ಮರೆತದ್ದಕ್ಕೆ ಕಾರಣವೇನು ಎಂದು ವಿವರಿಸುವರು.

"ಹೌದು, ಇಲ್ಲಾಂದ್ರೆ ಇಲ್ಲ. ಅಷ್ಟು ಹೇಳಿದ್ರೆ ಸಾಕು ಮಾದೇವಣ್ಣ," ಎಂದು ಅವಳು ನಗುವಳು.

ಅವಳ ಬಗ್ಗೆ ನಾಯಕರು ಮನಸ್ಸಿಟ್ಟು ಬರೆದರು. ನಿಜಕ್ಕೂ ಚೆನ್ನಾಗಿಯೇ ಬರೆದರು. ಕೊನೆಯಲ್ಲಿ ಒಂದು ಸಾಲು ಸೇರಿಸಿದರು: 'ಈ ತಾಯಿ ಯಾರಿಂದಲೂ ಏನನ್ನೂ ಕೇಳಿದವಳಲ್ಲ. ಆದರೆ ದೋಣಿ ದಡಕ್ಕೆ ಬಂದ ದಿನ ಅವಳ ಬಾಗಿಲಲ್ಲಿ ಮೀನು ಇದ್ದೇ ಇರುತ್ತದೆ.'

ಬೇಲೆಕೇರಿಯವರಿಗೆ ಈ ಸಾಲಿನಲ್ಲಿ ವಿಶೇಷವೇನೂ ಕಾಣುವುದಿಲ್ಲ. ದೋಣಿ ಬಂದಾಗ ಮೀನು ಹರಾಜಿಗೆ ಹೋಗುವ ಮೊದಲು ಒಂದು ಹಿಡಿ ಬೇರೆ ತೆಗೆದಿಡುವುದು ಅಲ್ಲಿಯ ಪದ್ಧತಿ. ಊರಿಗೆ ಉಪಕಾರ ಮಾಡಿದವರ ಬಾಗಿಲಿಗೆ ಅದು ಹೋಗುತ್ತದೆ. ಇಡುವವನು ಬಾಗಿಲು ತಟ್ಟುವುದಿಲ್ಲ, ಎತ್ತಿಕೊಳ್ಳುವವರು ಯಾರದೆಂದು ಕೇಳುವುದಿಲ್ಲ. ಬೇಡ ಎಂದರೆ ಇಟ್ಟವನ ಮನೆಯನ್ನೇ ಬೇಡವೆಂದಂತೆ. ಇದನ್ನು ಬೇಲೆಕೇರಿಯಲ್ಲಿ ಯಾರೂ ಯಾರಿಗೂ ವಿವರಿಸಿದ್ದಿಲ್ಲ. ಹಾಗಾಗಿ ನಾಯಕರೂ ವಿವರಿಸಲಿಲ್ಲ.

ಮೊದಲ ಕಾಮೆಂಟು ತುಮಕೂರಿನಿಂದ, 'ಜಾಗೃತ ನಾಗರಿಕ' ಎಂಬವರದು. 'ಅಂದರೆ ಮೀನಿನ ರೂಪದಲ್ಲಿ ಲಂಚ?' ಎಂದು ನಾಲ್ಕೇ ಪದ ಕೇಳಿ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ನಾಯಕರು ಆವಕ ನಂಬರು ಹಾಕಿ ಒಂದೂವರೆ ಪುಟದ ಉತ್ತರ ಬರೆದರು. ಅದು ಲಂಚವಲ್ಲ, ಲಂಚವನ್ನು ಕೆಲಸಕ್ಕೆ ಮೊದಲು ಕೊಡುತ್ತಾರೆ, ಇಲ್ಲಿ ಮೀನು ಯಾವಾಗಲೂ ಕೆಲಸವಾದ ಮೇಲೆಯೇ ತಲುಪುತ್ತದೆ ಎಂದು ಸ್ಪಷ್ಟವಾಗಿ ತಿಳಿಸಿದರು.

ಮರುದಿನ ಶಿರವಾಡದಿಂದ ಶ್ರೀಕಾಂತರ ಕಾಮೆಂಟು ಬಂತು. ನಿವೃತ್ತಿಯ ನಂತರ ಅವರಿಗೂ ಕೆಂಪು ಶಾಯಿ ಉಪಯೋಗಿಸಲು ಜಾಗವಿರಲಿಲ್ಲ. 'ಎಷ್ಟು ಸಲ? ಯಾವ ಮೀನು? ಸ್ಪಷ್ಟಪಡಿಸಿ.'

ಆ ಪದ ಕಂಡದ್ದೇ ನಾಯಕರ ಮೈಯಲ್ಲಿ ಹಳೆಯ ಅವಮಾನ ಎದ್ದು ನಿಂತಿತು. ಈ ಸಲ ಉತ್ತರ ವಾಪಸು ಬರಬಾರದು. ನಾಯಕರು ಬಂದರಿಗೆ ಹೋಗಿ, ಬಲೆ ಸರಿಮಾಡುತ್ತ ಕುಳಿತವರನ್ನೆಲ್ಲ ವಿಚಾರಿಸಿ, ಎರಡು ದಿನ ಓಡಾಡಿ ಪಟ್ಟಿ ಮಾಡಿದರು. ಈ ಹಂಗಾಮಿನಲ್ಲಿ ಇಲ್ಲಿಯವರೆಗೆ ಒಟ್ಟು ನಲವತ್ತೊಂದು ಸಲ. ಬಂಗಡೆ ಇಪ್ಪತ್ತಾರು, ತಾರ್ಲೆ ಎಂಟು, ಶೆಟ್ಲಿ ನಾಲ್ಕು, ನೊಗಲಿ ಎರಡು, ಎಲ್ಲಕ್ಕಿಂತ ದುಬಾರಿಯ ಇಸ್ವಾಣ ಒಂದೇ ಒಂದು, ಅದೂ ಮಂಗೇಶನ ಮಗುವಿನ ಹೆಸರಿಡುವ ದಿನ. ಪಟ್ಟಿಯನ್ನು ತಾರೀಖಿನ ಸಮೇತ ಹಾಕಿ, 'ಇದರಿಂದ ಸದರಿ ಮೀನು ಅತ್ಯಲ್ಪವೆಂಬುದು ತಮಗೆ ಮನವರಿಕೆಯಾಗುವುದು' ಎಂದು ಮುಗಿಸಿದರು.

ಯಾರಿಗೂ ಹಾಗೆ ಮನವರಿಕೆಯಾಗಲಿಲ್ಲ. ಪಟ್ಟಿಯನ್ನು ಜನ ಹಂಚಿಕೊಂಡರು. ಆಸ್ಪತ್ರೆಯ ಹೋರಾಟದವರು, ಬಸ್ಸು ಕೇಳಿ ಎಂದಿದ್ದ ಮನುಷ್ಯ ಸಿಕ್ಕಿಬಿದ್ದನೆಂದು ಇನ್ನಷ್ಟು ಹಂಚಿದರು. ದಾವಣಗೆರೆಯ ಜಯಾ ಎಂಬ ಗೃಹಿಣಿ ಮಾತ್ರ ಬಹಳ ಮರ್ಯಾದೆಯಿಂದ ಕೇಳಿದ್ದರು: 'ಸರ್, ಮೀನು ಇಲ್ಲದ ಬಡವರು ಏನು ಮಾಡಬೇಕು?'

ಮರ್ಯಾದೆಯಿಂದ ಕೇಳಿದವರಿಗೆ ಮರ್ಯಾದೆಯಿಂದಲೇ ಉತ್ತರ ಹೋಗಬೇಕಲ್ಲ. ನಾಯಕರು ಜಾವಕ ಸಂಖ್ಯೆ ಎಂಬತ್ತೆಂಟರಲ್ಲಿ ಬರೆದರು: 'ವಿಷಯ: ಬೇಲೆಕೇರಿ ಆರೋಗ್ಯ ಉಪಕೇಂದ್ರ, ಮೀನಿನ ಬಗ್ಗೆ ಸ್ಪಷ್ಟೀಕರಣ. ಮೀನು ಕಡ್ಡಾಯವಲ್ಲ. ಮೀನು ಇಲ್ಲದವರು ಬಸಳೆ, ಹೀರೆಕಾಯಿ ಇತ್ಯಾದಿ ಇಟ್ಟ ಉದಾಹರಣೆಗಳೂ ಇವೆ.'

ಇಡೀ ಪ್ರಕರಣದಲ್ಲಿ ಇದಕ್ಕಿಂತ ನಿಜವಾದ ಮಾತನ್ನು ಯಾರೂ ಬರೆದಿಲ್ಲ. ಇದಕ್ಕಿಂತ ಕೆಟ್ಟದ್ದನ್ನೂ ಬರೆದಿಲ್ಲ. ಮೊಬೈಲಿನಲ್ಲಿ ಮಾತ್ರ ಬರುವ ಒಂದು ಸುದ್ದಿಪುಟದವರು, ವಿಷಯ, ಸಂಖ್ಯೆ, ಸ್ಪಷ್ಟೀಕರಣ ಎಲ್ಲ ಇರುವುದು ನೋಡಿ ಇದು ಇಲಾಖೆಯದೇ ಪತ್ರವೆಂದು ತಿಳಿದರು. ಸಂಜೆಯೊಳಗೆ ಸುದ್ದಿ ಬಂತು: 'ಚುಚ್ಚುಮದ್ದಿಗೆ ಮೀನು ಕಡ್ಡಾಯವಲ್ಲ: ಬೇಲೆಕೇರಿ ಉಪಕೇಂದ್ರ ಸ್ಪಷ್ಟನೆ'.

ಮರುದಿನ ಮಧ್ಯಾಹ್ನ ರೂಪಾಲಿ ನಾಯಕರ ಮನೆಗೆ ಬಂದಳು. ಮೊದಲು ಬಿಪಿ ನೋಡಿದಳು. ತಿಂಗಳ ಗುಳಿಗೆ ಕೊಟ್ಟಳು. ಆಮೇಲೆ ಚೀಲ ಮುಚ್ಚಿ ಕೆಳಗೆ ನೋಡುತ್ತ ಹೇಳಿದಳು.

"ನೀವು ಒಳ್ಳೇದಕ್ಕೇ ಬರದ್ರಿ ಮಾದೇವಣ್ಣ, ಗೊತ್ತುಂಟು. ಮೇಲಿಂದ ಫೋನ್ ಬಂದಿತ್ತು. ಇನ್ನು ಉತ್ತರ ಮಾತ್ರ ಬರೆಯೂಕೆ ಹೋಗ್ಬೇಡಿ. ಸುಮ್ನೆ ಇದ್ರೆ ಎಂಟು ದಿನದಲ್ಲಿ ಜನ ಮರೀತ್ರು."

ನಾಯಕರ ಮುಖ ಸಣ್ಣದಾಯಿತು. ಖಂಡಿತ ಬರೆಯುವುದಿಲ್ಲ ಎಂದು ಮಾತು ಕೊಟ್ಟರು. ಸುಗಂಧಾ ಅವಳನ್ನು ಹಿತ್ತಿಲ ಬಾಗಿಲವರೆಗೆ ಕಳಿಸಲು ಹೋದಳು, ಅಲ್ಲಿ ಇಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು. ನಾಯಕರು ಅದನ್ನು ಗಮನಿಸಲಿಲ್ಲ. ಅವರ ಕಣ್ಣು ವಹಿಯ ಮೇಲಿತ್ತು. ಎಡಗಡೆ ಹನ್ನೊಂದು ಆವಕ ಸಂಖ್ಯೆಗಳಿದ್ದವು. ಬಲಗಡೆ ಖಾಲಿ.

ಎರಡು ದಿನ ತಡೆದರು. ಮೂರನೆಯ ದಿನ ಅನ್ನ ಸೇರಲಿಲ್ಲ. ಮಾತು ಮುರಿಯುವುದು ತಪ್ಪು, ಆದರೆ ಉತ್ತರ ಯಾಕೆ ಕೊಡುತ್ತಿಲ್ಲ ಎಂದಾದರೂ ತಿಳಿಸುವುದು ಕರ್ತವ್ಯ, ಅದು ಉತ್ತರವಲ್ಲ, ಬರೀ ತಿಳುವಳಿಕೆ ಪತ್ರ ಎಂದು ತಮಗೆ ತಾವೇ ಸಮಾಧಾನ ಮಾಡಿಕೊಂಡು ಕೊನೆಯದಾಗಿ ನಾಲ್ಕು ಸಾಲು ಹಾಕಿದರು. 'ಸದರಿ ನರ್ಸಬಾಯಿಯವರು ಖುದ್ದಾಗಿ ನನ್ನ ಮನೆಗೆ ಬಂದು, ಈ ವಿಷಯದಲ್ಲಿ ಇನ್ನು ಏನನ್ನೂ ಬರೆಯಬಾರದೆಂದು ತಿಳಿಸಿರುತ್ತಾರೆ. ಆದುದರಿಂದ ಕಡತ ಮುಚ್ಚಲಾಗಿದೆ.'

ಸುದ್ದಿಪುಟದವರಿಗೆ ಮತ್ತೊಂದು ಶೀರ್ಷಿಕೆ ಸಿಕ್ಕಿತು. 'ಹಿರಿಯ ನಾಗರಿಕನ ಬಾಯಿ ಮುಚ್ಚಿಸಲು ನರ್ಸ್ ಯತ್ನ'. ಜಾಗೃತ ನಾಗರಿಕರು ನಾಯಕರಿಗೆ ಧೈರ್ಯ ತುಂಬಿ, ತುಮಕೂರು ನಿಮ್ಮೊಂದಿಗಿದೆ ಎಂದು ಬರೆದರು. ನಾಯಕರಿಗೆ ಮೊದಲ ಬಾರಿ ಭಯವಾಯಿತು.

ವಿಚಾರಣೆಗೆ ಕಾರವಾರದಿಂದ ಬಂದವರು ಯಜ್ಞೇಶ್ವರ ಹೆಗಡೆ ಎಂಬ ಅಧಿಕಾರಿ. ಘಟ್ಟದ ಮೇಲಿನವರು, ಮೃದು ಮಾತಿನವರು, ಮೀನನ್ನು ದೂರದಿಂದ ಮಾತ್ರ ಬಲ್ಲವರು. ಉಪಕೇಂದ್ರದ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕುಳಿತರು. ಅವರಿಗೂ ಈ ಹುಡುಗಿಯನ್ನು ಕಳಿಸುವ ಮನಸ್ಸಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಊರವರು ಯಾರೂ ಮೀನು ಕೊಟ್ಟಿಲ್ಲವೆಂದು ನಾಲ್ಕು ಹೇಳಿಕೆ ಸಿಕ್ಕರೆ ಸಾಕು, ಬ್ಲಾಗಿನ ಪಟ್ಟಿಯನ್ನು ಯಾರೋ ಮುದುಕರ ಕಲ್ಪನೆಯೆಂದು ಬರೆದು ಮುಗಿಸಬಹುದಿತ್ತು. ಇದನ್ನು ಅವರು ನಾಯಕರಿಗೆ ಸೂಕ್ಷ್ಮವಾಗಿ ಹೇಳಿಯೂ ಹೇಳಿದರು. ನಾಯಕರು ಕಲ್ಪನೆ ಎನಿಸಿಕೊಳ್ಳಲು ಸಂತೋಷದಿಂದ ಒಪ್ಪಿದರು. ಓಡಿಹೋಗಿ, ಬೇಲಿಯ ಹತ್ತಿರ ಸೇರಿದ್ದ ಜನಕ್ಕೆ, ಯಾರೂ ಕೊಟ್ಟೆ ಎನ್ನಬೇಡಿ, ಒಂದು ಸುಳ್ಳಿನಿಂದ ಅವಳು ಉಳಿಯುತ್ತಾಳೆ ಎಂದು ಕೈಮುಗಿದು ಹೇಳಿದರು.

ಮಂಗೇಶ ಅವರನ್ನು ಮೇಲಿಂದ ಕೆಳಗೆ ನೋಡಿದ. "ನನ್ನ ಹೆಂಡ್ತಿ, ಮಗು ಎರಡೂ ಉಳಿಸ್ಕೊಟ್ಟವಳಿಗೆ ಒಂದು ಮೀನೂ ಕೊಟ್ಟವನಲ್ಲ ನಾನು ಹೇಳಿ ಎಲ್ಲರ ಮುಂದೆ ಹೇಳೂದಾ? ನಾಳಿಂದ ನಾ ಯಾವ ಮುಖ ಇಟ್ಕಂಡು ಈ ಊರಲ್ಲಿ ತಿರಗೂದು ಮಾದೇವಣ್ಣ?"

ಹೇಳಿ ಸೀದಾ ಮೇಜಿನ ಮುಂದೆ ಹೋಗಿ ನಿಂತ. ಕೊಟ್ಟಿದ್ದೇನೆ, ದೋಣಿ ಬಂದ ಪ್ರತಿ ಸಲ ಕೊಟ್ಟಿದ್ದೇನೆ, ಇಸ್ವಾಣ ಕೊಟ್ಟವನು ಊರಿನಲ್ಲಿ ತಾನೊಬ್ಬನೇ ಎಂದು ಬರೆಸಿದ. ಇಸ್ವಾಣ ಅಂದರೆ ಎಷ್ಟು ದೊಡ್ಡದು ಎಂದು ಅಧಿಕಾರಿ ಕೇಳಿದರು. ಮಂಗೇಶ ಎರಡೂ ಕೈ ಅಗಲಿಸಿ ತೋರಿಸಿದ. ಅಧಿಕಾರಿ ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು.

ಅಲ್ಲಿಗೆ ಆಣೆಕಟ್ಟು ಒಡೆಯಿತು. ಮಂಗೇಶನೊಬ್ಬನೇ ಕೊಟ್ಟವನೆಂದು ಸರ್ಕಾರಿ ಕಾಗದದಲ್ಲಿ ಉಳಿಯುವುದನ್ನು ಉಳಿದವರು ಹೇಗೆ ಸಹಿಸುವುದು? ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯದನ್ನೂ ಬರೆಸಿದರು. ಬಂಗಡೆ ಕೊಟ್ಟವರು ಶೆಟ್ಲಿ ಎಂದರು, ಶೆಟ್ಲಿ ಕೊಟ್ಟವರು ಅದಕ್ಕಿಂತ ದುಬಾರಿಯ ಪಾಂಪ್ಲೆಟ್ ಎಂದರು. ಕೈಗಳು ಅಗಲವಾಗುತ್ತ ಹೋದವು. ಎರಡು ವರ್ಷದಿಂದ ಗೋವಾದ ಟ್ರಾಲರಿನಲ್ಲೇ ಇದ್ದ ಸುನಿಲ ಸುದ್ದಿ ತಿಳಿದು ಫೋನು ಮಾಡಿ, ತಾನು ಕೊಟ್ಟದ್ದನ್ನೂ ಸೇರಿಸಬೇಕೆಂದು ಹಟ ಹಿಡಿದ. ಕೊನೆಗೆ ತರಕಾರಿ ಮಾರುವ ಬೊಮ್ಮು ಅಜ್ಜಿ ಬುಟ್ಟಿ ಇಳಿಸಿ ಮುಂದೆ ಬಂದಳು. ಅವಳು ಹುಟ್ಟಿದಾಗಿನಿಂದ ಬಲೆ ಮುಟ್ಟಿದವಳಲ್ಲ. ಅಜ್ಜಿಗೂ ಮೀನು ಎಲ್ಲಿಂದ ಬಂತೆಂದು ಅಧಿಕಾರಿ ದಣಿದ ಧ್ವನಿಯಲ್ಲಿ ಕೇಳಿದರು.

"ಅದು ನಿಮ್ಗೆ ಎಂತಕೆ? ಊರೇ ಕೊಟ್ಟಿದೆ. ನಾ ಕೊಟ್ಟಿಲ್ಲ ಅಂದ್ರೆ ನಾಳೆ ಸೂಜಿ ಚುಚ್ಸ್ಕಂಬೂಕೆ ಹೆಂಗೆ ಬರೂದು ನಾನು," ಎಂದು ಹೆಬ್ಬೆಟ್ಟು ಒತ್ತಿ ಹೋದಳು.

ಸಂಜೆಯ ಹೊತ್ತಿಗೆ ಅಧಿಕಾರಿಗಳ ಮುಂದೆ ಅರವತ್ತಮೂರು ಹೇಳಿಕೆಗಳಿದ್ದವು. ಎಲ್ಲವೂ ಪ್ರೀತಿಯಿಂದ ಬರೆಸಿದವು. ಅವುಗಳನ್ನು ಓದಿದವರಿಗೆ ಕರ್ನಾಟಕದ ಕರಾವಳಿಯ ಅರ್ಧ ಮೀನು ಈ ಎರಡು ಕೋಣೆಯ ಮನೆಗೆ ಹೋದಂತೆ ಕಾಣುತ್ತಿತ್ತು.

ಕೊನೆಗೆ ರೂಪಾಲಿಯನ್ನು ಕರೆದರು. ಬಾಗಿಲಲ್ಲಿ ಮೀನು ಇಡುತ್ತಿದ್ದದ್ದು ನಿಜವೇ ಎಂದರು. ನಿಜ ಎಂದಳು. ಅಧಿಕಾರಿ ಇನ್ನೂ ಒಂದು ದಾರಿ ಹುಡುಕುತ್ತಿದ್ದರು. ಪೆನ್ನು ಕೆಳಗಿಟ್ಟು ಕೇಳಿದರು.

"ಇಟ್ಟಿದ್ದಾರೆ, ಸರಿ. ಆ ಮೀನನ್ನು ನೀವು ತಿಂದಿದ್ದೀರಾ? ಬೇರೆ ಯಾರಿಗಾದರೂ ಕೊಟ್ಟಿದ್ದರೆ ಹೇಳಿ, ಹಾಗೇ ಬರೆಯುತ್ತೇನೆ."

ರೂಪಾಲಿಯ ಕಣ್ಣು ಬೇಲಿಯ ಕಡೆ ಹೋಯಿತು. ಅಲ್ಲಿ ಹೆಂಗಸರ ನಡುವೆ ಸುಗಂಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ನಾನೇ ತಿಂದೆ ಸರ್," ಎಂದಳು ರೂಪಾಲಿ.

ಸುಗಂಧಾ ತಿರುಗಿ ಮನೆಯ ಕಡೆ ಹೊರಟುಹೋದಳು. ಬಿಸಿಲಿಗೆ ತಲೆ ಸುತ್ತಿರಬೇಕೆಂದು ನಾಯಕರು ತಿಳಿದರು.

ವರ್ಗಾವಣೆಯ ಆದೇಶ ಹತ್ತು ದಿನದಲ್ಲಿ ಬಂತು. ಜೋಯಿಡಾ ಕಡೆಯ ಕಾಡಿನೊಳಗಿನ ಒಂದು ಊರಿಗೆ. ಕಾರಣ, ಆಡಳಿತಾತ್ಮಕ. ಬೇಲೆಕೇರಿಗೆ ಬದಲಿಯಾಗಿ ಯಾರನ್ನೂ ಹಾಕಿರಲಿಲ್ಲ. ನಾಯಕರು ಕಾರವಾರಕ್ಕೆ ಹೋಗಿ, ತಮ್ಮ ಹಳೆಯ ಕಚೇರಿಯವರನ್ನು ಹಿಡಿದು, ಆರೋಗ್ಯ ಕಚೇರಿಯ ಟಪಾಲಿನಲ್ಲಿ ಮನವಿ ಕೊಟ್ಟರು. ಅಲ್ಲಿಯ ಗುಮಾಸ್ತ ಅದಕ್ಕೆ ಆವಕ ನಂಬರು ಹಾಕಿ ಸ್ವೀಕೃತಿ ಚೀಟಿ ಕೊಟ್ಟ. ಅದಕ್ಕೆ ಇಂದಿನವರೆಗೆ ಉತ್ತರ ಬಂದಿಲ್ಲ.

ಅವಳು ಹೊರಡುವ ದಿನ ಬೆಳಿಗ್ಗೆ ಟೆಂಪೋದ ಹತ್ತಿರ ಊರೇ ಸೇರಿತ್ತು. ನಾಯಕರು ಹಿಂದೆ ನಿಂತಿದ್ದರು. ಅವರಿಗೆ ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಜನ ಅವರ ಪಕ್ಕದಲ್ಲಿ ಎರಡು ಮಾರು ಜಾಗ ಬಿಟ್ಟು ನಿಂತಿದ್ದರು. ರೂಪಾಲಿಯೇ ಅವರನ್ನು ಕರೆದು, ಕಟ್ಟಿಟ್ಟ ಚೀಲ ಬಿಚ್ಚಿ, ಟೆಂಪೋದ ಹಿಂಬದಿಯ ಮೇಲೆ ಅವರ ತೋಳು ಇಡಿಸಿ ಬಿಪಿ ನೋಡಿದಳು. ಜಾಸ್ತಿಯಿತ್ತು. ಉಪ್ಪು ಕಡಿಮೆ ಮಾಡಿ ಎಂದು ಒಂದು ತಿಂಗಳ ಗುಳಿಗೆ ಕೊಟ್ಟಳು. ನಾಯಕರು ಎರಡು ದಿನದಿಂದ ಮನಸ್ಸಿನಲ್ಲಿ ಬರೆದುಕೊಂಡ ಉದ್ದನೆಯ ಕ್ಷಮಾಪಣೆಯಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಟೆಂಪೋ ಹೋಯಿತು.

ಆ ದಿನ ಊಟಕ್ಕೆ ಬಸಳೆಯ ಹುಳಿಯಿತ್ತು. ಮರುದಿನವೂ ಅದೇ. ನಾಲ್ಕನೆಯ ದಿನ ನಾಯಕರು, ದೋಣಿಗಳೆಲ್ಲ ಬಂದಿವೆ, ಪೇಟೆಯಲ್ಲಿ ಬಂಗಡೆ ರಾಶಿ ಬಿದ್ದಿದೆ, ಮೀನು ಯಾಕೆ ತಂದಿಲ್ಲ ಎಂದು ಕೇಳಿದರು.

ಸುಗಂಧಾ ಸೌಟು ಕೆಳಗಿಟ್ಟಳು. "ಎರಡು ವರ್ಷದಿಂದ ನಾ ಪೇಟೆಗೆ ಹೋದದ್ದು ಯಾವಾಗ ನೋಡಿದ್ರಿ ನೀವು?"

ನಾಯಕರು ನೆನಪಿಸಿಕೊಳ್ಳಲು ನೋಡಿದರು. ನೆನಪಿಗೆ ಬರಲಿಲ್ಲ.

"ಆ ಹುಡ್ಗಿಗೆ ಮೀನು ಆಗೂದೇ ಇಲ್ಲ. ಒಂದು ತುಂಡು ಬಾಯಿಗೆ ಹೋದ್ರೆ ಮುಖ ಬಾತ್ಕಂಡು ಉಸ್ರು ಕಟ್ತದೆ. ಕದ್ವಾಡದಲ್ಲಿ ಹುಟ್ಟಿ ಮೀನು ಆಗೂದಿಲ್ಲ ಅಂದ್ರೆ ಜನ ನಗ್ತ್ರು, ಬೇಡ ಅಂದ್ರೆ ಇಟ್ಟವ್ರು ಬೇಜಾರ್ ಮಾಡ್ಕಂತ್ರು ಹೇಳಿ ಹಿತ್ತಿಲ ಬಾಗ್ಲಿಂದ ನಂಗೆ ತಂದು ಕೊಡ್ತಿದ್ದಳು. ನಾ ಬದ್ಲಿಗೆ ಬಸಳೆ, ಮಾವಿನಹಣ್ಣು ಕೊಡ್ತಿದ್ದೆ. ನಿಮ್ಗೆ ಹೇಳಿದ್ರೆ ಅದೂ ಬ್ಲಾಗಿಗೆ ಹೋಗ್ತಿತ್ತಲ, ಅದ್ಕೆ ಹೇಳ್ಲಿಲ್ಲ."

ನಾಯಕರು ಕೈ ಅನ್ನದಲ್ಲೇ ಇಟ್ಟು ಕುಳಿತರು. ವಿಚಾರಣೆಯ ದಿನ ಅವಳು ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಳಿದ್ರೆ ಸಾಹೇಬ್ರು ಬರ್ಕಣೂದು ಯಾರ ಹೆಸ್ರು? ಮೀನು ತಿಂದವ್ನೇ ಮೀನಿನ ಪಟ್ಟಿ ಹಾಕ್ದ ಹೇಳಿ ಪೇಪರಿಗೆ ಬರ್ತಿತ್ತು. 'ಮಾದೇವಣ್ಣ ತಡ್ಕಣೂದಿಲ್ಲ, ಬಿಪಿ ಬೇರೆ ಇದೆ' ಅಂದಳು." ಸುಗಂಧಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನಾದ್ರೂ ಹೇಳಬಹುದಿತ್ತು. ಬಾಯಿ ಬರ್ಲಿಲ್ಲ ನಂಗೆ."

ಊಟ ಬಿಟ್ಟೆದ್ದು ನಾಯಕರು ತಾವೇ ಮಾಡಿದ ಪಟ್ಟಿ ತೆಗೆದರು. ಬಂಗಡೆ ಇಪ್ಪತ್ತಾರು. ತಾರ್ಲೆ ಎಂಟು. ನೊಗಲಿ ಎರಡು, ಅದರಲ್ಲಿ ಒಂದರ ತಾರೀಖು, ಬೈದವರಿಗೆ ಕಾಗದ ಬರೆಯುವ ಗಂಡಸೆಂದು ಸುಗಂಧಾ ಆಡಿಕೊಂಡ ದಿನ. ಮಂಗೇಶನ ಇಸ್ವಾಣದ ತಲೆಯ ಸಾರು ಎಷ್ಟು ರುಚಿಯಾಗಿತ್ತೆಂಬುದು ಈಗಲೂ ನಾಲಿಗೆಯ ಮೇಲಿತ್ತು. ನಲವತ್ತೊಂದಕ್ಕೆ ನಲವತ್ತೊಂದೂ ತಮ್ಮ ಹೊಟ್ಟೆಯಲ್ಲಿ. ಅವರು ಕುರ್ಚಿಯ ಮೇಲೆ ಕುಳಿತು ಚಿಕ್ಕ ಮಕ್ಕಳ ಹಾಗೆ ಅತ್ತರು.

ಅತ್ತ ಮೇಲೆ, ಅಭ್ಯಾಸಬಲ, ಎಲ್ಲ ಸತ್ಯವನ್ನೂ ಬ್ಲಾಗಿನಲ್ಲಿ ಬರೆಯಲು ಕುಳಿತರು. ಸುಗಂಧಾ ಬಂದು ಕಂಪ್ಯೂಟರಿನ ಮುಚ್ಚಳ ಮುಚ್ಚಿದಳು. ರೂಪಾಲಿ ತಾನೇ ತಿಂದೆನೆಂದು ಸರ್ಕಾರಿ ಕಾಗದದಲ್ಲಿ ಸಹಿ ಹಾಕಿದ್ದಾಳೆ, ಈಗ ನೀವು ಬರೆದರೆ ಅವಳು ಸುಳ್ಳು ಹೇಳಿದ್ದಕ್ಕೂ ಇನ್ನೊಂದು ವಿಚಾರಣೆ ಆಗುತ್ತದೆ ಎಂದಳು. ನಾಯಕರು ಮುಚ್ಚಳದ ಮೇಲಿಂದ ಕೈ ತೆಗೆದರು. ಮೂರು ತಿಂಗಳಲ್ಲಿ ಅವರಿಗೆ ಅರ್ಥವಾದ ಮೊದಲ ಮಾತು ಅದು.

ಬ್ಲಾಗು ಹಾಗೆಯೇ ಬಿದ್ದಿತು. ಉಪಕೇಂದ್ರಕ್ಕೆ ಬೀಗ ಬಿತ್ತು. ತಿಂಗಳು ತುಂಬುವುದರೊಳಗೆ ಜಗಲಿಗೆ ಆಡುಗಳು ಬಂದವು. ಮಂಗೇಶ ಮಗುವಿನ ಚುಚ್ಚುಮದ್ದಿಗೆ ಅಂಕೋಲೆಗೆ ಹೋಗಿ ದೋಣಿಯ ಒಂದು ದಿನ ಕಳೆದುಕೊಂಡು ಬಂದ. ಬೊಮ್ಮು ಅಜ್ಜಿ ಹೋಗಲೇ ಇಲ್ಲ, ಸಕ್ಕರೆ ತನ್ನಷ್ಟಕ್ಕೆ ಇಳಿಯಲಿ ಎಂದು ಕುಳಿತಳು.

ಒಂದು ಶುಕ್ರವಾರ ಮಧ್ಯಾಹ್ನ ನಾಯಕರು ಸುಮ್ಮನೆ ಕಂಪ್ಯೂಟರು ತೆರೆದರೆ ರೂಪಾಲಿಯನ್ನು ಹೊಗಳಿ ಬರೆದ ಆ ಲೇಖನದ ಕೆಳಗೆ, ಇನ್ನೂರ ಹನ್ನೆರಡು ಕಾಮೆಂಟುಗಳ ಬುಡದಲ್ಲಿ, ಹೊಸದೊಂದಿತ್ತು. ಹೆಸರು ರೂಪಾಲಿ. ಕಾಡಿನ ಆ ಊರಿನಲ್ಲಿ ಎಲ್ಲಿಯೋ ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿದು ಬರೆದಿರಬೇಕು.

'ಮಾದೇವಣ್ಣ, ಗುಳಿಗೆ ತಗೊಳ್ತಿದ್ದೀರಾ?'

ನಾಯಕರು ವಹಿ ತೆಗೆಯಲಿಲ್ಲ. ಉತ್ತರ ಬರೆಯಲು ಬೆರಳು ಇಟ್ಟರು, ತೆಗೆದರು. ಅವಳು ಕೊಟ್ಟ ಗುಳಿಗೆ ಮುಗಿದು ಆರು ದಿನವಾಗಿತ್ತು. ಮುಗಿಯಿತು, ಕೊಡುವವರಿಲ್ಲ, ಬೀಗ ಹಾಕಿದೆ ಎಂದು ನಿಜ ಬರೆಯಬಹುದಿತ್ತು. ಆದರೆ ಅದನ್ನು ಓದಿ ಅವಳು ಅಲ್ಲಿ ಕೂತು ಏನು ಮಾಡಬೇಕು? ಸುಳ್ಳು ಬರೆಯಬಹುದಿತ್ತು. ಅವಳಿಗೆ ಸುಳ್ಳು ಬರೆಯುವ ಧೈರ್ಯ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ಅಂಕೋಲೆಗೆ ಹೋದರು. ಆಸ್ಪತ್ರೆಯಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಗುಳಿಗೆಗೆ ಮತ್ತೊಂದು ಸಾಲು. ಮುಂದೆ ನಿಂತವರಲ್ಲಿ ಬೇಲೆಕೇರಿಯವರೇ ನಾಲ್ವರಿದ್ದರು. ಯಾರೂ ಮಾತಾಡಿಸಲಿಲ್ಲ. ಹನ್ನೆರಡೂವರೆಗೆ ಗುಳಿಗೆ ಕೈಗೆ ಬಂತು. ಬಸ್ ನಿಲ್ದಾಣದ ನಲ್ಲಿಯ ನೀರಿನಲ್ಲಿ ಅಲ್ಲೇ ಒಂದು ನುಂಗಿ, ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತು ಒಂದೇ ಪದ ಬರೆದರು.

'ಹೌದು.'

ಉಲ್ಲೇಖವಿಲ್ಲ, ಜಾವಕ ಸಂಖ್ಯೆಯಿಲ್ಲ, ಕೆಳಗೆ ಹೆಸರೂ ಇಲ್ಲ. ಮೂವತ್ತಮೂರು ವರ್ಷ ಮತ್ತು ನಾಲ್ಕು ತಿಂಗಳಲ್ಲಿ ಅವರ ಕೈಯಿಂದ ಹೋದ ಅತಿ ಚಿಕ್ಕ ಉತ್ತರ. ಮೊದಲೇ ಇಷ್ಟೇ ಬರೆಯಲು ಬಂದಿದ್ದರೆ ಎಂದು ನಾಯಕರು ಅದನ್ನೇ ನೋಡುತ್ತ ಕುಳಿತರು.

ಹತ್ತು ನಿಮಿಷವಾಗಿರಲಿಕ್ಕಿಲ್ಲ. ಅದರ ಕೆಳಗೆ ಶಿರವಾಡದ ಶ್ರೀಕಾಂತರ ಕಾಮೆಂಟು ಬಂದು ಬಿತ್ತು. 'ಏನು ಹೌದು? ಸ್ಪಷ್ಟಪಡಿಸಿ.'

ನಾಯಕರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಎದ್ದು ಚಪ್ಪಲಿ ಕಳಚಿ, ಕೈಕಾಲು ತೊಳೆದು, ಉಪ್ಪು ಕಡಿಮೆ ಹಾಕಿದ ಬಸಳೆಯ ಹುಳಿಗೆ ಊಟಕ್ಕೆ ಕುಳಿತರು.